ತಂಟೆಗೆ ಹೋದ ಹುಡುಗ

ನಮ್ಮಮ್ಮನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಮಾತು ಒಂದೇ. "ಊರ ಉಸಾಬರಿ ನಮಗ್ಯಾಕೆ? ತಂಟೆಗೆ ಹೋಗಬೇಡ." ಅರಸೀಕೆರೆ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಎಲ್ಲ ಅಮ್ಮಂದಿರೂ ಹೇಳುತ್ತಿದ್ದುದು ಇದನ್ನೇ. ನನಗೆ ಏಳೋ ಎಂಟೋ ವರ್ಷ ಇದ್ದಾಗ, ಬೋರ್‌ವೆಲ್ ಪಂಪಿನ ಹತ್ತಿರ ಒಬ್ಬ ಹೆಂಗಸು ಖಾಲಿ ಕೊಡ ಹಿಡಿದು ದೂರದಲ್ಲೇ ನಿಂತಿದ್ದಳು. ನಮ್ಮದೆಲ್ಲ ತುಂಬಿದ ಮೇಲೆ ಯಾರಾದರೂ ಅವಳ ಕೊಡಕ್ಕೆ ಮೇಲಿಂದ ನೀರು ಸುರಿಯಬೇಕಿತ್ತು. "ಅವರು ಯಾಕೆ ತಾವೇ ಹೊಡ್ಕೊಳ್ಳಲ್ಲ?" ಅಂತ ಜೋರಾಗಿ ಕೇಳಿಬಿಟ್ಟೆ. ಅಮ್ಮ ನನ್ನ ರಟ್ಟೆ ಹಿಡಿದು ಮನೆತನಕ ಎಳೆದುಕೊಂಡು ಬಂದಳು. ಹೊಡೆಯಲಿಲ್ಲ. ಬಾಗಿಲು ಹಾಕಿ, ಮೆಲ್ಲಗೆ ಅದೇ ಮಾತು ಹೇಳಿದಳು. ಅವಳ ಮುಖದಲ್ಲಿ ಸಿಟ್ಟಿಗಿಂತ ಹೆದರಿಕೆ ಜಾಸ್ತಿ ಇತ್ತು. ಅದು ಇವತ್ತಿಗೂ ನೆನಪಿದೆ.

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಟ್ರಾಯ್ ಅಂತ ಒಂದು ಊರು. ಅಲ್ಲಿನ ಹುಡುಗನೊಬ್ಬ ತನ್ನ ಅಪ್ಪ ಅಮ್ಮನನ್ನು ಇಂಥದೇ ಪ್ರಶ್ನೆ ಕೇಳುತ್ತಿದ್ದ. ನಲ್ಲಿಯ ಮೇಲೆ, ಕಕ್ಕಸಿನ ಮೇಲೆ, ಕಾಯುವ ಕೋಣೆಯ ಮೇಲೆಲ್ಲ ಬಿಳಿಯರಿಗೆ, ಕರಿಯರಿಗೆ ಅಂತ ಬೇರೆ ಬೇರೆ ಬೋರ್ಡು ಯಾಕೆ? ಅವರು ಹೇಳುತ್ತಿದ್ದುದೂ ಅದೇ. "ಇರೋದೇ ಹೀಗೆ. ಅಡ್ಡ ಹೋಗಬೇಡ, ತಂಟೆಗೆ ಹೋಗಬೇಡ." ಆ ಹುಡುಗನೇ ಮುಂದೆ ಕರಿಯರ ಸಮಾನ ಹಕ್ಕಿಗಾಗಿ ಹೋರಾಡಿದ ಜಾನ್ ಲೂಯಿಸ್. ಅವರು 33 ವರ್ಷ ಅಮೆರಿಕದ ಸಂಸತ್ತಿನಲ್ಲಿದ್ದರು. ಅದರಲ್ಲಿ ಕೊನೆಯ ಕೆಲವು ವರ್ಷ ನಮ್ಮ ಮನೆಯಿರುವ ಕ್ಷೇತ್ರಕ್ಕೆ, ಜಾರ್ಜಿಯಾದ ಐದನೇ ಕ್ಷೇತ್ರಕ್ಕೆ, ಅವರೇ ನಮ್ಮ ಪ್ರತಿನಿಧಿ. ನಾನು ಈ ದೇಶದಲ್ಲಿ ಮೊದಲ ಸಲ ವೋಟು ಹಾಕಿದ ಚೀಟಿಯಲ್ಲಿ ಅವರ ಹೆಸರಿತ್ತು. ಅವರ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಈಗ ಬರೆಯುತ್ತಿದ್ದೇನೆ.

ನಾವಿರೋದು ಅಟ್ಲಾಂಟಾ ಪಕ್ಕದ ಡಿಕೇಟರ್‌ನಲ್ಲಿ. ಇಲ್ಲಿನ ಹಳೇ ಕೋರ್ಟಿನ ಮುಂದೆ 1908ರಿಂದಲೂ ಒಂದು ಕಲ್ಲಿನ ಕಂಬ ಇತ್ತು. ಗುಲಾಮಗಿರಿ ಉಳಿಸಿಕೊಳ್ಳೋಕೆ ಯುದ್ಧ ಮಾಡಿದ ದಕ್ಷಿಣದ ರಾಜ್ಯಗಳ ನೆನಪಿಗೆ ನಿಲ್ಲಿಸಿದ್ದು. ನಾನು ವರ್ಷಗಟ್ಟಲೆ ಅದರ ಪಕ್ಕದಲ್ಲೇ ಓಡಾಡಿದ್ದೇನೆ, ಏನು ಅಂತ ಓದಿರಲೂ ಇಲ್ಲ. 2020ರ ಜೂನ್‌ನಲ್ಲಿ ರಾತ್ರಿ ಕ್ರೇನ್ ತಂದು ಅದನ್ನು ಕಿತ್ತು ಒಯ್ದರು. 2024ರ ಆಗಸ್ಟಿನಲ್ಲಿ ಅದೇ ಜಾಗದಲ್ಲಿ ಜಾನ್ ಲೂಯಿಸರ ಕಂಚಿನ ಪ್ರತಿಮೆ ಬಂತು. ಹನ್ನೆರಡು ಅಡಿ ಎತ್ತರ. ಭಾಷಣ ಮಾಡುತ್ತಾ ಬೆರಳು ಚಾಚಿ ನಿಂತ ಪ್ರತಿಮೆಗಳನ್ನು ಬೇಕಾದಷ್ಟು ನೋಡಿದ್ದೇವೆ, ಅಲ್ವಾ? ಇವರು ಹಾಗಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡು ಸುಮ್ನೆ ನಿಂತಿದ್ದಾರೆ.

ನಾನು ಕೆಲಸ ಮಾಡೋದು ಒಂದು ಪಬ್ಲಿಕ್ ಲೈಬ್ರರಿಯಲ್ಲಿ. ಅದಕ್ಕೇ ಅವರ ಬದುಕಿನಲ್ಲಿ ನನಗೆ ತುಂಬಾ ಹತ್ತಿರವಾದ ಕಥೆ ಎಲ್ಲರೂ ಹೇಳುವ, ಅಲಬಾಮಾದ ಸೆಲ್ಮಾ ಅನ್ನುವ ಊರಿನ ಸೇತುವೆಯದ್ದಲ್ಲ, ಲೈಬ್ರರಿಯದ್ದು.

1956. ಹುಡುಗನಿಗೆ ಹದಿನಾರು ವರ್ಷ. ಹತ್ತು ಮಕ್ಕಳಲ್ಲಿ ಮೂರನೆಯವನು. ಅಪ್ಪ ಅಮ್ಮ ಮೊದಲು ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದರು. 1944ರಲ್ಲಿ ಅಪ್ಪ 300 ಡಾಲರ್ ಕೂಡಿಸಿ 110 ಎಕರೆ ಕೊಂಡಿದ್ದರು. ಹತ್ತಿ, ಮುಸುಕಿನ ಜೋಳ, ಕಡ್ಲೇಕಾಯಿ ಬೆಳೆಯುತ್ತಿದ್ದರು. ಹತ್ತಿ ಬಿಡಿಸುವ ಕಾಲದಲ್ಲಿ ಮಕ್ಕಳು ಸ್ಕೂಲಿಗೆ ಹೋಗೋ ಹಾಗಿರಲಿಲ್ಲ. ಈ ಹುಡುಗ ಬೆಳಗ್ಗೆ ಎದ್ದು, ಪುಸ್ತಕ ಹಿಡಿದುಕೊಂಡು ಜಗುಲಿಯ ಕೆಳಗೆ ಅವಿತು ಕೂರುತ್ತಿದ್ದ. ಬಸ್ಸಿನ ಸದ್ದು ಕೇಳಿದ ತಕ್ಷಣ ಓಡಿಹೋಗಿ ಹತ್ತಿಬಿಡುತ್ತಿದ್ದ. ಸಂಜೆ ಅಪ್ಪನ ಕೈಯಲ್ಲಿ ಬೈಸಿಕೊಳ್ಳುತ್ತಿದ್ದ. ಮಾರನೇ ದಿನ ಮತ್ತೆ ಜಗುಲಿಯ ಕೆಳಗೆ.

ಅಷ್ಟು ಓದುವ ಹುಚ್ಚು. ಅಣ್ಣ ತಮ್ಮಂದಿರು, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳ ಜೊತೆ ಹೊರಟು ಪೈಕ್ ಕೌಂಟಿಯ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ) ಪಬ್ಲಿಕ್ ಲೈಬ್ರರಿಗೆ ಹೋಗಿ ಒಂದು ಕಾರ್ಡು ಕೇಳಿದ. ಈ ಲೈಬ್ರರಿ ಬಿಳಿಯರಿಗೆ ಮಾತ್ರ, ನಿಮಗಲ್ಲ ಅಂದರು. ವಾಪಸ್ ಬಂದ.

ನಾನು ವಾರಕ್ಕೆ ಇಪ್ಪತ್ತು ಮೂವತ್ತು ಲೈಬ್ರರಿ ಕಾರ್ಡು ಮಾಡಿಕೊಡುತ್ತೇನೆ. ಮಕ್ಕಳು ಬರುತ್ತಾರೆ, ಅಜ್ಜಿಯ ಜೊತೆ ಬರುತ್ತಾರೆ, ಆಗ ತಾನೇ ಬೇರೆ ದೇಶದಿಂದ ಬಂದಿಳಿದವರು ಬರುತ್ತಾರೆ. ಹೆಸರು, ವಿಳಾಸ ಕೇಳಿ ಕಂಪ್ಯೂಟರಿಗೆ ಹಾಕುತ್ತೇನೆ. ಪ್ಲಾಸ್ಟಿಕ್ ಕಾರ್ಡಿನ ಹಿಂಭಾಗದಲ್ಲಿ ಬಿಳಿ ಪಟ್ಟಿ ಇರುತ್ತೆ, ಅಲ್ಲಿ ಸಹಿ ಮಾಡಬೇಕು. ಚಿಕ್ಕ ಮಕ್ಕಳಿಗೆ ಸಹಿ ಅಂದ್ರೆ ಏನು ಅಂತ ಗೊತ್ತಿರೋದಿಲ್ಲ. ನಿನ್ನ ಹೆಸರು ಬರಿ ಸಾಕು ಅಂತೀನಿ. ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ದೊಡ್ಡದಾಗಿ ಬರೀತಾವೆ. ಕೊನೇ ಎರಡು ಅಕ್ಷರಕ್ಕೆ ಜಾಗ ಸಾಲೋದಿಲ್ಲ, ಪಟ್ಟಿಯಿಂದ ಆಚೆ ಹೋಗುತ್ತೆ. ಎಲ್ಲ ಸೇರಿ ನಾಲ್ಕು ನಿಮಿಷದ ಕೆಲಸ. ಆ ನಾಲ್ಕು ನಿಮಿಷದ ಕೆಲಸವನ್ನು ಆ ಹುಡುಗನಿಗೆ ಮಾಡಿಕೊಡಲಿಲ್ಲ.

1998ರ ಜುಲೈನಲ್ಲಿ ಅವರು ಅದೇ ಲೈಬ್ರರಿಗೆ ಮತ್ತೆ ಹೋದರು. ಆಗ ಸಂಸತ್ ಸದಸ್ಯರು. ತಮ್ಮ ಆತ್ಮಕಥೆಗೆ ಸಹಿ ಹಾಕಿಕೊಡುವ ಕಾರ್ಯಕ್ರಮ. ಬಿಳಿಯರೂ ಕರಿಯರೂ ಇಬ್ಬರೂ ಬಂದಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಲೈಬ್ರರಿಯವರು ಅವರಿಗೊಂದು ಕಾರ್ಡು ಕೊಟ್ಟರು. ಕೇಳಿ 42 ವರ್ಷ ಆದ ಮೇಲೆ. 2016ರಲ್ಲಿ ಅವರಿಗೆ ಮಕ್ಕಳ ಸಾಹಿತ್ಯಕ್ಕೆ ನ್ಯಾಷನಲ್ ಬುಕ್ ಅವಾರ್ಡ್ ಬಂದಾಗ, ವೇದಿಕೆಯ ಮೇಲೆ ಈ ಕಾರ್ಡಿನ ಕಥೆ ಹೇಳುತ್ತಾ ಅತ್ತರು. ಆ ಸೇತುವೆಯ ಹತ್ತಿರ ಪೊಲೀಸರ ಏಟಿಗೆ ತಲೆಬುರುಡೆ ಒಡೆಸಿಕೊಂಡ ಮನುಷ್ಯ, ಲೈಬ್ರರಿ ಕಾರ್ಡಿನ ಮಾತು ಬಂದರೆ ಅಳುತ್ತಿದ್ದರು. ನನಗೆ ಅವರು ಅರ್ಥವಾಗಿದ್ದು ಅಲ್ಲಿ.

ಇನ್ನು ಮುಂದಿನ ಕಥೆ ಬೇಗ ಹೇಳುತ್ತೇನೆ, ಯಾಕಂದ್ರೆ ಎಲ್ಲ ಹೇಳಿದರೆ ಮುಗಿಯೋದಿಲ್ಲ. ಹತ್ತಿರದ ಕಾಲೇಜಿನಲ್ಲಿ ಸೀಟಿಗೆ ಅರ್ಜಿ ಹಾಕಿದರು, ಉತ್ತರವೇ ಬರಲಿಲ್ಲ. ಮಾರ್ಟಿನ್ ಲೂಥರ್ ಕಿಂಗ್‌ಗೆ ಕಾಗದ ಬರೆದರು. ಕಿಂಗ್ ಬಸ್ಸಿನ ಟಿಕೆಟ್ ಕಳಿಸಿ ಕರೆಸಿಕೊಂಡರು, "ಟ್ರಾಯ್ ಹುಡುಗ ನೀನೇನಾ?" ಅಂತ ಕೇಳಿದರಂತೆ. ನ್ಯಾಶ್‌ವಿಲ್‌ನಲ್ಲಿ ಓದುವಾಗ ಜೇಮ್ಸ್ ಲಾಸನ್ ಅನ್ನುವವರ ಶಿಬಿರಕ್ಕೆ ಸೇರಿದರು. ಈ ಲಾಸನ್ ನಾಗಪುರದ ಕಾಲೇಜಿನಲ್ಲಿ ಮೂರು ವರ್ಷ ಇದ್ದು, ಗಾಂಧಿಯ ದಾರಿಯನ್ನು ಅಲ್ಲೇ ಕಲಿತು ಬಂದವರು. ನಮ್ಮ ನೆಲದಿಂದ ಹೋದದ್ದು ಅಷ್ಟು ದೂರದ ಹುಡುಗರ ಕೈ ಸೇರಿತ್ತು. ಆ ಶಿಬಿರದಲ್ಲಿ ಅವರು ಏಟು ತಿನ್ನೋದನ್ನು ಅಭ್ಯಾಸ ಮಾಡುತ್ತಿದ್ದರು. ಒಬ್ಬರು ಬೈಯೋದು, ತಳ್ಳೋದು. ಇನ್ನೊಬ್ಬರು ತಲೆ ಮುಚ್ಚಿಕೊಂಡು, ಹೊಡೆಯುವವನ ಕಣ್ಣನ್ನೇ ನೋಡೋದು. 1960ರ ಫೆಬ್ರವರಿಯಲ್ಲಿ ಅಂಗಡಿಗಳ ಊಟದ ಕೌಂಟರಿನಲ್ಲಿ ಕೂತರು. ಬಿಳಿಯರಿಗೆ ಮಾತ್ರ ಊಟ ಕೊಡುತ್ತಿದ್ದ ಜಾಗ. ಮೇ ತಿಂಗಳಲ್ಲಿ ನ್ಯಾಶ್‌ವಿಲ್ಲಿನ ಆ ಕೌಂಟರುಗಳು ಎಲ್ಲರಿಗೂ ತೆರೆದವು. ಆ ಹೊತ್ತಿಗೆ ಲೂಯಿಸ್ ಜೈಲು ಕಂಡಾಗಿತ್ತು.

1961ರ ಮೇ ತಿಂಗಳಲ್ಲಿ ಬಿಳಿಯರೂ ಕರಿಯರೂ ಒಟ್ಟಿಗೆ ಕೂತು ದಕ್ಷಿಣಕ್ಕೆ ಬಸ್ಸಿನಲ್ಲಿ ಹೊರಟ ಮೊದಲ 13 ಜನರಲ್ಲಿ ಇವರೂ ಒಬ್ಬರು. ಸೌತ್ ಕೆರೊಲೈನಾದ ರಾಕ್ ಹಿಲ್ ಬಸ್ ನಿಲ್ದಾಣದಲ್ಲಿ, ಬಿಳಿಯರ ಕೋಣೆಗೆ ಕಾಲಿಡುವ ಮೊದಲೇ ಹೊಡೆದು ಬೀಳಿಸಿದರು. ಹಾಗೆ ಹೊಡೆದವರಲ್ಲಿ ಎಲ್ವಿನ್ ವಿಲ್ಸನ್ ಅನ್ನುವವನೊಬ್ಬ. 2009ರಲ್ಲಿ, ಮುದುಕನಾದ ಮೇಲೆ, ಮಗನನ್ನು ಕರೆದುಕೊಂಡು ವಾಷಿಂಗ್ಟನ್‌ನಲ್ಲಿ ಲೂಯಿಸರ ಆಫೀಸಿಗೆ ಬಂದ. ನಾನೇ ಅವತ್ತು ಹೊಡೆದವನು, ಕ್ಷಮಿಸ್ತೀರಾ ಅಂತ ಕೇಳಿದ. ಮೊದಲು ಮಗ ಅತ್ತ, ಆಮೇಲೆ ಅಪ್ಪ ಅತ್ತ, ಆಮೇಲೆ ತಾವೂ ಅತ್ತೆ ಅಂತ ಲೂಯಿಸ್ ಹೇಳುತ್ತಿದ್ದರು. ಅಷ್ಟು ವರ್ಷದಲ್ಲಿ, ಅಷ್ಟು ಜನ ಹೊಡೆದವರಲ್ಲಿ, ಬಂದು ಕ್ಷಮೆ ಕೇಳಿದ ಮೊದಲನೆಯವನು ಅವನೇ.

ಹೋದ ವರ್ಷ ಮಗಳನ್ನು ಕರೆದುಕೊಂಡು ಸೆಲ್ಮಾಕ್ಕೆ ಹೋಗಿದ್ದೆ. ನಮ್ಮ ಮನೆಯಿಂದ ಕಾರಿನಲ್ಲಿ ಮೂರೂವರೆ ಗಂಟೆ. ಊರು ಬಡವಾಗಿದೆ, ಅರ್ಧ ಅಂಗಡಿ ಮುಚ್ಚಿವೆ. ಎಡ್ಮಂಡ್ ಪೆಟ್ಟಸ್ ಸೇತುವೆ ಮಾತ್ರ ಗಟ್ಟಿಯಾಗಿ ನಿಂತಿದೆ. ಮೇಲೆ ಕಬ್ಬಿಣದ ಕಮಾನಿನ ಮೇಲೆ ದೊಡ್ಡ ಅಕ್ಷರದಲ್ಲಿ ಅದೇ ಹೆಸರು. ಪೆಟ್ಟಸ್ ಅಂದ್ರೆ ದಕ್ಷಿಣದ ಸೇನೆಯ ಜನರಲ್ ಆಗಿದ್ದವನು, ಆಮೇಲೆ ಕರಿಯರನ್ನು ಹೊಡೆದು ಹೆದರಿಸುತ್ತಿದ್ದ ಬಿಳಿಯರ ಗುಂಪಾದ ಕೂ ಕ್ಲಕ್ಸ್ ಕ್ಲಾನ್‌ನ ಮುಖಂಡ. ಸೇತುವೆ ತೆರೆದದ್ದು 1940ರಲ್ಲಿ. ಲೂಯಿಸ್ ಹುಟ್ಟಿದ್ದೂ ಅದೇ ವರ್ಷ.

ಫೋಟೋದಲ್ಲಿ ಗೊತ್ತಾಗದ ಒಂದು ವಿಷಯ ಅಲ್ಲಿ ನಡೆದಾಗ ಗೊತ್ತಾಯಿತು. ಆ ಸೇತುವೆಯ ನಡು ಉಬ್ಬಿದೆ. ಈ ತುದಿಯಲ್ಲಿ ನಿಂತರೆ ಆ ತುದಿ ಕಾಣೋದಿಲ್ಲ. ಏರು ಹತ್ತಿ ಮಧ್ಯಕ್ಕೆ ಬಂದ ಮೇಲೇ ಆಚೆ ಏನಿದೆ ಅಂತ ಕಾಣೋದು. ಕೆಳಗೆ ಅಲಬಾಮಾ ನದಿ, ಕೆಂಪು ಮಣ್ಣಿನ ನೀರು, ತುಂಬಾ ಆಳದಲ್ಲಿ.

1965ರ ಮಾರ್ಚ್ 7, ಭಾನುವಾರ. ಸುಮಾರು 600 ಜನ ಇಬ್ಬಿಬ್ಬರ ಸಾಲಾಗಿ ಬಂದರು. ಮುಂದೆ ಕಿಂಗ್ ಅವರ ಸಂಗಡಿಗ ಹೊಸಿಯಾ ವಿಲಿಯಮ್ಸ್ ಮತ್ತು 25 ವರ್ಷದ ಜಾನ್ ಲೂಯಿಸ್. ಆಗ ಅವರು ವಿದ್ಯಾರ್ಥಿಗಳ ಸಂಘಟನೆಯಾದ ಎಸ್‌ಎನ್‌ಸಿಸಿಯ ಅಧ್ಯಕ್ಷ. ಸಂಘಟನೆ ಹಿಂದಿನ ರಾತ್ರಿಯೇ ಈ ಮೆರವಣಿಗೆಗೆ ಬರೋದಿಲ್ಲ ಅಂತ ತೀರ್ಮಾನ ಮಾಡಿತ್ತು. ಹೋಗುವವರು ಸ್ವಂತ ಇಷ್ಟದಿಂದ ಹೋಗಬಹುದು ಅಂದಿತ್ತು. ಅಧ್ಯಕ್ಷರು ಸ್ವಂತ ಇಷ್ಟದಿಂದಲೇ ಹೋದರು. ತಿಳಿ ಬಣ್ಣದ ಉದ್ದ ಕೋಟು, ಬೆನ್ನಿಗೊಂದು ಚೀಲ. ಚೀಲದಲ್ಲಿ ಎರಡು ಪುಸ್ತಕ, ಒಂದು ಸೇಬು, ಒಂದು ಕಿತ್ತಳೆ, ಟೂತ್‌ಬ್ರಷ್, ಟೂತ್‌ಪೇಸ್ಟ್. ಹೇಗಿದ್ದರೂ ಅರೆಸ್ಟ್ ಮಾಡುತ್ತಾರೆ, ಜೈಲಿನಲ್ಲಿ ಓದೋಕೆ, ತಿನ್ನೋಕೆ, ಹಲ್ಲುಜ್ಜೋಕೆ ಬೇಕಲ್ಲ ಅಂತ ಹಾಕಿಕೊಂಡಿದ್ದು.

ಈ ಚೀಲ ನನ್ನ ತಲೆಯಿಂದ ಹೋಗೋದೇ ಇಲ್ಲ. ಊರಿಗೆ ಹೊರಟವರು ಕಟ್ಟಿಕೊಳ್ಳುವ ಹಾಗೆ ಕಟ್ಟಿದ ಚೀಲ ಅದು. ಮದುವೆಗೆ ಹೊರಟಾಗ ಅಮ್ಮ ದಾರಿಗೆ ಎರಡು ಬಾಳೆಹಣ್ಣು ಹಾಕಿಕೊಡುತ್ತಿದ್ದಳಲ್ಲ, ಹಾಗೆ. ಆ ಹುಡುಗ ಬದುಕಿ ಬರುವ ಲೆಕ್ಕದಲ್ಲೇ ಹೊರಟಿದ್ದ.

ಏರು ಹತ್ತಿದಾಗ ಆಚೆ ಕಂಡದ್ದು ಸಾಲು ಸಾಲು ನೀಲಿ ಸಮವಸ್ತ್ರ, ರಾಜ್ಯದ ಪೊಲೀಸರು. ಹೊಸಿಯಾ ವಿಲಿಯಮ್ಸ್ ಕೆಳಗಿನ ನೀರು ನೋಡಿ, ಜಾನ್, ನಿನಗೆ ಈಜು ಬರುತ್ತಾ ಅಂತ ಕೇಳಿದರಂತೆ. ಇಲ್ಲ ಅಂದರು. ವಿಲಿಯಮ್ಸ್‌ಗೂ ಬರುತ್ತಿರಲಿಲ್ಲ. ಇಬ್ಬರೂ ನಡೆದುಕೊಂಡೇ ಹೋದರು. ಪೊಲೀಸ್ ಅಧಿಕಾರಿ ಚದುರೋಕೆ ಎರಡು ನಿಮಿಷ ಟೈಮು ಕೊಟ್ಟ. ಎರಡು ನಿಮಿಷ ಆಗೋ ಮೊದಲೇ ನುಗ್ಗಿದರು. ಲಾಠಿ, ಅಶ್ರುವಾಯು, ಕುದುರೆ. ಲೂಯಿಸರ ತಲೆಬುರುಡೆ ಬಿರುಕು ಬಿಟ್ಟಿತು. ಸೇತುವೆ ದಾಟಿ ಚರ್ಚಿಗೆ ವಾಪಸ್ ಹೇಗೆ ಬಂದೆ ಅನ್ನೋದು ಕೊನೇತನಕ ಅವರಿಗೆ ನೆನಪಿಗೆ ಬರಲಿಲ್ಲ. ಆ ಚೀಲ ಎಲ್ಲಿ ಹೋಯಿತು ಅನ್ನೋದೂ ಗೊತ್ತಾಗಲಿಲ್ಲ.

ಆ ರಾತ್ರಿ ಅಮೆರಿಕದ ಜನ ಟೀವಿಯಲ್ಲಿ ನಾಜಿಗಳ ವಿಚಾರಣೆಯ ಬಗ್ಗೆ ಒಂದು ಸಿನಿಮಾ ನೋಡುತ್ತಿದ್ದರು. ಅದನ್ನು ನಿಲ್ಲಿಸಿ ಎಬಿಸಿ ಚಾನೆಲ್‌ನವರು ಸೆಲ್ಮಾದ ದೃಶ್ಯ ತೋರಿಸಿದರು. ಇಡೀ ದೇಶ ನೋಡಿತು. ಎರಡು ವಾರ ಕಳೆದು ಸಾವಿರಾರು ಜನ ಸೆಲ್ಮಾದಿಂದ ಹೊರಟು, 54 ಮೈಲಿ ದೂರದ, ಅಲಬಾಮಾದ ರಾಜಧಾನಿ ಮಾಂಟ್‌ಗೊಮರಿಗೆ ಮೆರವಣಿಗೆ ಮುಟ್ಟಿಸಿದರು. ಆಗಸ್ಟ್ 6ಕ್ಕೆ ಅಧ್ಯಕ್ಷ ಜಾನ್ಸನ್ ಮತದಾನದ ಹಕ್ಕಿನ ಕಾನೂನಿಗೆ ಸಹಿ ಹಾಕಿದರು.

ಇಷ್ಟಕ್ಕೂ ಅವರು ಕೇಳಿದ್ದೇನು? ವೋಟಿನ ಪಟ್ಟಿಯಲ್ಲಿ ಹೆಸರು. ಸೆಲ್ಮಾದ ಕೌಂಟಿಯಲ್ಲಿ ವೋಟಿನ ವಯಸ್ಸಿನ ಕರಿಯರಲ್ಲಿ ನೂರಕ್ಕೆ ಎರಡು ಜನರ ಹೆಸರು ಪಟ್ಟಿಯಲ್ಲಿದ್ದರೆ ಹೆಚ್ಚು. ಹೆಸರು ಸೇರಿಸುವ ಆಫೀಸು ತಿಂಗಳಿಗೆ ಎರಡು ದಿನ ಮಾತ್ರ ತೆಗೆದಿರುತ್ತಿತ್ತು. ಹೋದರೆ ಪರೀಕ್ಷೆ. ಮೇಷ್ಟ್ರುಗಳು, ವಕೀಲರು ಕೂಡ ಅದರಲ್ಲಿ ಫೇಲಾಗುತ್ತಿದ್ದರು. ಒಂದು ಸೋಪಿನಲ್ಲಿ ಎಷ್ಟು ಗುಳ್ಳೆ ಬರುತ್ತೆ ಅಂತ ಕೇಳುತ್ತಿದ್ದರು ಅಂತ ಲೂಯಿಸ್ ಹೇಳುತ್ತಿದ್ದರು.

ಇದನ್ನು ಓದಿದಾಗಲೆಲ್ಲ ನನಗೆ ನಮ್ಮಜ್ಜಿ ನೆನಪಾಗುತ್ತಾಳೆ. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ, ಹೆಬ್ಬೆಟ್ಟು. ಸ್ವತಂತ್ರ ಭಾರತದ ಮೊದಲ ಚುನಾವಣೆಯಲ್ಲಿ, 1952ರಲ್ಲಿ, ಪಕ್ಕದ ಊರಿಗೆ ಗಾಡಿ ಕಟ್ಟಿಕೊಂಡು ಹೋಗಿ ವೋಟು ಹಾಕಿ ಬಂದಿದ್ದಳು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ, ಮೇಲೆ ಚಿಹ್ನೆ. ಜೋಡೆತ್ತಿನ ಪೆಟ್ಟಿಗೆಗೆ ಹಾಕಿದೆ ಅಂತ ಸಾಯೋತನಕ ಹೇಳುತ್ತಿದ್ದಳು. ಯಾರೂ ಅವಳನ್ನು ಸೋಪಿನ ಗುಳ್ಳೆ ಎಷ್ಟು ಅಂತ ಕೇಳಲಿಲ್ಲ. ಅಂಬೇಡ್ಕರ್ ಮತ್ತು ಅವರ ಜೊತೆಗಾರರು ಬರೆದ ಸಂವಿಧಾನ ಓದು ಬಾರದ ಮುದುಕಿಗೂ ಒಂದು ವೋಟು ಕೊಟ್ಟಿತ್ತು. ಅದೇ 1952ರಲ್ಲಿ ಅಲಬಾಮಾದಲ್ಲಿ, 110 ಎಕರೆ ಸ್ವಂತ ಹೊಲ ಇದ್ದ ಜಾನ್ ಲೂಯಿಸರ ಅಪ್ಪ ಅಮ್ಮನಿಗೆ ವೋಟು ಇರಲಿಲ್ಲ.

ಸೇತುವೆಯ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಮಕ್ಕಳಿಗೆ ಸ್ಕೂಲಿನಲ್ಲೇ ಹೇಳಿಕೊಡುತ್ತಾರೆ. ಆದರೆ ಲೂಯಿಸ್ ಆಮೇಲೆ 55 ವರ್ಷ ಬದುಕಿದರು. ನನಗೆ ದೊಡ್ಡದು ಅನ್ನಿಸೋದು ಆ 55 ವರ್ಷ. ಅದರಲ್ಲಿ ಎಲ್ಲವೂ ಚೆನ್ನಾಗಿರಲಿಲ್ಲ.

1966ರಲ್ಲಿ ಅವರದೇ ಸಂಘಟನೆ ಅವರನ್ನು ಅಧ್ಯಕ್ಷ ಸ್ಥಾನದಿಂದ ಇಳಿಸಿತು. ಸಂಜೆ ಮತ್ತೆ ಆರಿಸಿ, ಅದೇ ರಾತ್ರಿ ತಕರಾರು ಎದ್ದು, ಮತ್ತೊಮ್ಮೆ ವೋಟು ಹಾಕಿಸಿ ಸ್ಟೋಕ್ಲಿ ಕಾರ್ಮೈಕಲ್‌ನನ್ನು ಕೂರಿಸಿದರು. ಅಹಿಂಸೆಯ ಮಾತು ಅಷ್ಟೊತ್ತಿಗೆ ಹಳೆಯದಾಗಿತ್ತು. ಏಟು ತಿಂದು ತಿಂದು ಹುಡುಗರಿಗೆ ಸಾಕಾಗಿತ್ತು, ಅವರ ಸಿಟ್ಟನ್ನು ತಪ್ಪು ಅನ್ನೋಕೆ ನನ್ನ ಬಾಯಿ ಬರೋದಿಲ್ಲ. 1968ರಲ್ಲಿ ಎರಡು ತಿಂಗಳ ಅಂತರದಲ್ಲಿ ಕಿಂಗ್ ಹೋದರು, ಅಧ್ಯಕ್ಷ ಪದವಿಗೆ ಸ್ಪರ್ಧಿಸುತ್ತಿದ್ದ ರಾಬರ್ಟ್ ಕೆನೆಡಿ ಹೋದರು. ಕೆನೆಡಿಗೆ ಗುಂಡು ಬಿದ್ದ ರಾತ್ರಿ ಲೂಯಿಸ್ ಅದೇ ಹೋಟೆಲಿನ ಮೇಲಿನ ಕೋಣೆಯಲ್ಲಿದ್ದರು. 28 ವರ್ಷ ವಯಸ್ಸು. ನಂಬಿದ ಇಬ್ಬರೂ ಇಲ್ಲ, ಸಂಘಟನೆ ಇಲ್ಲ.

ಆಮೇಲೆ ಅವರು ಹಿಡಿದ ಕೆಲಸ ನೋಡಿ. 1970ರಿಂದ 77ರವರೆಗೆ ವೋಟರ್ ಎಜುಕೇಷನ್ ಪ್ರಾಜೆಕ್ಟ್ ಅನ್ನುವ ಸಂಸ್ಥೆ ನಡೆಸಿದರು. ದಕ್ಷಿಣದ ಹಳ್ಳಿ ಹಳ್ಳಿಗೆ ಹೋಗಿ ವೋಟಿನ ಪಟ್ಟಿಗೆ ಹೆಸರು ಸೇರಿಸೋದು. ಕಾನೂನು ಬಂದರೂ ಜನಕ್ಕೆ ಆಫೀಸಿನ ಮೆಟ್ಟಿಲು ಹತ್ತೋಕೆ ಭಯ. ಹತ್ತಿ ಬಿಡಿಸಿದ ಕೈಗಳು ಇನ್ನು ಪ್ರತಿನಿಧಿಗಳನ್ನು ಆರಿಸಬಹುದು ಅನ್ನುವ ಅರ್ಥದ ಪೋಸ್ಟರ್ ಅಂಟಿಸುತ್ತಿದ್ದರು. ಆ ಸಂಸ್ಥೆಯ ಕೆಲಸದಿಂದ ಹತ್ತಿರ ಹತ್ತಿರ 40 ಲಕ್ಷ ಹೆಸರು ಪಟ್ಟಿಗೆ ಸೇರಿತು ಅಂತ ಲೆಕ್ಕ. ಕ್ಯಾಮೆರಾ ಇಲ್ಲ, ಸೇತುವೆ ಇಲ್ಲ. ಒಂದೊಂದು ಫಾರಂ, ಒಂದೊಂದು ಸಹಿ. ಲೈಬ್ರರಿಯಲ್ಲಿ ಫಾರಂ ತುಂಬಿಸುವವಳಾಗಿ ಹೇಳುತ್ತೇನೆ, ಅದು ಸುಲಭದ ಕೆಲಸ ಅಲ್ಲ. ಒಬ್ಬರು ಹೆಸರು ತಪ್ಪು ಬರೀತಾರೆ, ಒಬ್ಬರಿಗೆ ವಿಳಾಸದ ದಾಖಲೆ ಇರೋದಿಲ್ಲ, ಒಬ್ಬರು ಅರ್ಧಕ್ಕೇ ನಾಚಿಕೊಂಡು ಎದ್ದು ಹೋಗ್ತಾರೆ.

ಆ ಹಳ್ಳಿಗಳ ಓಡಾಟದಲ್ಲಿ ಅವರ ಜೊತೆ ಇದ್ದವರು ಜೂಲಿಯನ್ ಬಾಂಡ್. ಚಳವಳಿಯ ಕಾಲದ ಜೀವದ ಗೆಳೆಯ. ನೋಡೋಕೆ ಚೆಂದ, ಮಾತಿನಲ್ಲಿ ಚತುರ, ಓದಿದ ಮನೆತನ. 1986ರಲ್ಲಿ ಅಟ್ಲಾಂಟಾದ ಸಂಸತ್ ಸ್ಥಾನಕ್ಕೆ ಬಾಂಡ್ ನಿಂತರು. ಗೆಲ್ಲುವವರು ಅವರೇ ಅಂತ ಎಲ್ಲರ ನಂಬಿಕೆ. ಲೂಯಿಸ್ ಅವರ ಎದುರೇ ನಿಂತರು. 1977ರಲ್ಲಿ ಇದೇ ಸ್ಥಾನಕ್ಕೆ ನಿಂತು ಸೋತಿದ್ದರು, 1981ರಲ್ಲಿ ನಗರಸಭೆಗೆ ಆರಿಸಿ ಬಂದಿದ್ದರು. ಮಾತು ತೊದಲುವ, ಹಳ್ಳಿಯ ಉಚ್ಚಾರಣೆಯ ಮನುಷ್ಯ. ಮೆರವಣಿಗೆ ಕುದುರೆ ಬೇಡ, ದುಡಿಯುವ ಕುದುರೆ ಬೇಕು ಅಂತ ಪ್ರಚಾರ ಮಾಡಿದರು. ಪಕ್ಷದೊಳಗಿನ ಚುನಾವಣೆಯ ಮೊದಲ ಸುತ್ತಿನಲ್ಲಿ ಬಾಂಡ್ ಮುಂದಿದ್ದರು. ಎರಡನೇ ಸುತ್ತಿನಲ್ಲಿ ಟೀವಿ ಚರ್ಚೆಯಲ್ಲಿ ಲೂಯಿಸ್, ಬಾ, ಇಬ್ಬರೂ ಡ್ರಗ್ ಪರೀಕ್ಷೆ ಮಾಡಿಸಿಕೊಳ್ಳೋಣ ಅಂತ ಗೆಳೆಯನಿಗೆ ಸವಾಲು ಹಾಕಿದರು. ಊರಲ್ಲಿ ಓಡಾಡುತ್ತಿದ್ದ ಗಾಳಿಮಾತಿಗೆ ಅದು ತುಪ್ಪ ಸುರಿದ ಹಾಗಾಯಿತು. ಕರಿಯರ ವೋಟು ಹೆಚ್ಚಾಗಿ ಬಾಂಡ್‌ಗೇ ಬಿತ್ತು. ಬಿಳಿಯರ ವೋಟಿನ ಬಲದಿಂದ ಲೂಯಿಸ್ 52ಕ್ಕೆ 48ರ ಲೆಕ್ಕದಲ್ಲಿ ಗೆದ್ದರು. ಗೆಳೆತನ ಮುರಿದು ಬಿತ್ತು. ಮತ್ತೆ ಮಾತು ಕೂಡಿಕೊಳ್ಳೋಕೆ ವರ್ಷಗಳೇ ಬೇಕಾದವು.

ನನಗೆ ಈ ಭಾಗ ಓದಿದಾಗ ಬಹಳ ಬೇಜಾರಾಯಿತು. ಇವತ್ತಿಗೂ ಆ ಸವಾಲು ಸರಿ ಅನ್ನಿಸೋದಿಲ್ಲ. ಲಾಠಿ ಹಿಡಿದವನನ್ನೂ ದ್ವೇಷಿಸದೆ ನಿಂತ ಮನುಷ್ಯ, ಜೊತೆಗೆ ಜೈಲಿಗೆ ಹೋದ ತಲೆಮಾರಿನ ಗೆಳೆಯನಿಗೆ ಹಾಗೆ ಮಾಡಬಾರದಿತ್ತು. ಕನ್ನಡ ಕೂಟದಲ್ಲಿ ಒಮ್ಮೆ ಮಕ್ಕಳಿಗೆ ಲೂಯಿಸರ ಕಥೆ ಹೇಳುವಾಗ, ಇದನ್ನು ಬಿಟ್ಟುಬಿಡಿ ಅಂದರು ಒಬ್ಬರು. ನಾನು ಬಿಡಲಿಲ್ಲ. ಚಳವಳಿಯಲ್ಲಿ ಎದುರಿಗಿರೋರು ಬೇರೆಯವರು. ಚುನಾವಣೆಯಲ್ಲಿ ಎದುರಿಗೆ ನಮ್ಮವರೇ ಬರುತ್ತಾರೆ. ಹೋರಾಟದಿಂದ ರಾಜಕೀಯಕ್ಕೆ ಬಂದವರು ನಮ್ಮ ಕರ್ನಾಟಕದಲ್ಲೂ ಬೇಕಾದಷ್ಟು ಜನ ಇದ್ದಾರೆ. ಆ ದಾರಿಯಲ್ಲಿ ಏನು ಕಳೆಯುತ್ತೆ ಅನ್ನೋದು ಮಕ್ಕಳಿಗೂ ಗೊತ್ತಿರಲಿ.

ಹಾಗೆ ಗೆದ್ದು ಹೋದ ಮೇಲೆ ಏನು ಮಾಡಿದರು ಅನ್ನೋದೂ ಮುಖ್ಯ. ಕರಿಯ ಅಮೆರಿಕನ್ನರ ಇತಿಹಾಸಕ್ಕೊಂದು ರಾಷ್ಟ್ರೀಯ ಮ್ಯೂಸಿಯಂ ಬೇಕು ಅಂತ 1988ರಲ್ಲಿ ಮಸೂದೆ ತಂದರು. ಬಿತ್ತು. ಮತ್ತೆ ತಂದರು. ಸೆನೆಟ್ಟಿನಲ್ಲಿ ತಡೆದರು. ಮತ್ತೆ ತಂದರು. ಹದಿನೈದು ವರ್ಷ. 2003ರಲ್ಲಿ ಪಾಸಾಯಿತು. ಬಾಗಿಲು ತೆರೆದದ್ದು 2016ರಲ್ಲಿ. ಜಗುಲಿಯ ಕೆಳಗೆ ಅವಿತು ಬಸ್ಸಿಗೆ ಕಾಯುತ್ತಿದ್ದ ಹುಡುಗನೇ ಇವರು ಅನ್ನಿಸುತ್ತೆ ನನಗೆ. ಸಂಸತ್ ಸದಸ್ಯರಾದ ಮೇಲೂ ಐದು ಸಲ ಅರೆಸ್ಟ್ ಆದರು. ದಕ್ಷಿಣ ಆಫ್ರಿಕಾದ ವರ್ಣಭೇದದ ವಿರುದ್ಧ, ಸುಡಾನ್ ದೇಶದ ದಾರ್ಫುರ್‌ನ ಕೊಲೆಗಳ ವಿರುದ್ಧ, 2013ರಲ್ಲಿ ವಲಸಿಗರ ಪರವಾಗಿ. ಮೊದಲಿನದೆಲ್ಲ ಸೇರಿದರೆ 45. 2016ರಲ್ಲಿ ಬಂದೂಕಿನ ಕಾನೂನಿಗಾಗಿ ಸಂಸತ್ತಿನ ನೆಲದ ಮೇಲೇ ಧರಣಿ ಕೂತರು. ಆಗ ಅವರಿಗೆ 76.

ವಲಸಿಗರ ಪರ ಅಂದೆನಲ್ಲ, ಅದರ ಬಗ್ಗೆ ನಮ್ಮವರಿಗೆ ಒಂದು ಮಾತು ಹೇಳಬೇಕು. 1965ಕ್ಕಿಂತ ಮೊದಲು ಭಾರತದಿಂದ ವರ್ಷಕ್ಕೆ 100 ಜನ ಮಾತ್ರ ಇಲ್ಲಿ ನೆಲೆಸೋಕೆ ಬರಬಹುದಿತ್ತು. ಇಡೀ ಭಾರತದಿಂದ ನೂರು. ಮತದಾನದ ಕಾನೂನು ಬಂದ ಎರಡೇ ತಿಂಗಳಿಗೆ, ಅದೇ ಸಂಸತ್ತು, ಅದೇ ಅಧ್ಯಕ್ಷರ ಕೈಯಿಂದ ಆ ಕೋಟಾ ತೆಗೆದ ವಲಸೆ ಕಾನೂನು ಬಂತು. ಹುಟ್ಟಿದ ದೇಶ ನೋಡಿ ಬಾಗಿಲು ಹಾಕೋದು ತಪ್ಪು ಅನ್ನುವ ಮಾತಿಗೆ ಬಲ ಬಂದದ್ದು ಆ ಸೇತುವೆಗಳ ಮೇಲೆ, ಆ ಊಟದ ಕೌಂಟರುಗಳ ಮುಂದೆ. ನಾನು, ನನ್ನ ಗಂಡ, ನಮ್ಮ ಕೂಟದ ಅಷ್ಟೂ ಮನೆಯವರು ಆ ಬಾಗಿಲಿನಿಂದಲೇ ಒಳಗೆ ಬಂದವರು. ಹಾಗಿದ್ದೂ ನಮ್ಮ ಪಾರ್ಟಿಗಳಲ್ಲಿ ಕರಿಯರ ಬಗ್ಗೆ ಆಡುವ ಮಾತು ಕೇಳಿದರೆ ನನಗೆ ಊಟ ಸೇರೋದಿಲ್ಲ. "ಆ ಏರಿಯಾದಲ್ಲಿ ಮನೆ ತಗೋಬೇಡಿ, ಅಲ್ಲಿ ಅವರು ಜಾಸ್ತಿ" ಅಂತಾರೆ. ಪಂಪಿನ ಹತ್ತಿರ ದೂರ ನಿಂತ ಆ ಹೆಂಗಸು ಕಣ್ಣ ಮುಂದೆ ಬರುತ್ತಾಳೆ. ನಾವು ಸಾವಿರಾರು ಮೈಲಿ ದಾಟಿ ಬಂದರೂ ಆ ಖಾಲಿ ಕೊಡದ ದೂರ ದಾಟಿಲ್ಲ.

ಗೆದ್ದದ್ದು ಉಳಿಯುತ್ತೆ ಅಂತಲೂ ಇಲ್ಲ. 2013ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು 1965ರ ಕಾನೂನಿನ ಮುಖ್ಯ ಭಾಗವೊಂದನ್ನು ಕಿತ್ತುಹಾಕಿತು. ಕೇಸು ಹಾಕಿದ್ದು ಅಲಬಾಮಾದ್ದೇ ಒಂದು ಕೌಂಟಿ. ಚುನಾವಣೆಯ ನಿಯಮ ಬದಲಾಯಿಸುವ ಮೊದಲು ಕೇಂದ್ರ ಸರ್ಕಾರದ ಒಪ್ಪಿಗೆ ಪಡೆಯಬೇಕು ಅನ್ನುವ ಕಟ್ಟು ಸಡಿಲವಾಯಿತು. 2020ರ ಜೂನ್ ಚುನಾವಣೆಯಲ್ಲಿ ನಾನು ಬಿಸಿಲಲ್ಲಿ ಮೂರು ಗಂಟೆ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಇದ್ದ ಅಜ್ಜಿಯೊಬ್ಬರಿಗೆ ಯಾರೋ ಮಡಚುವ ಕುರ್ಚಿ ಕೊಟ್ಟರು. ಸಾಲು ಒಂದು ಹೆಜ್ಜೆ ಸರಿದಾಗ ಅವರೂ ಎದ್ದು, ಕುರ್ಚಿ ಎಳೆದು, ಮತ್ತೆ ಕೂರೋರು. ನಾನು ನನ್ನ ನೀರಿನ ಬಾಟಲಿ ಅವರಿಗೆ ಕೊಟ್ಟೆ. ಮಾರನೇ ವರ್ಷ ಜಾರ್ಜಿಯಾ ತಂದ ಕಾನೂನಿನಲ್ಲಿ, ಮತಗಟ್ಟೆಯ 150 ಅಡಿಯೊಳಗೆ ಸಾಲಿನಲ್ಲಿ ನಿಂತವರಿಗೆ ಹೊರಗಿನವರು ನೀರು, ತಿಂಡಿ ಹಂಚೋದು ಅಪರಾಧ.

2020ರ ಜುಲೈ 17ಕ್ಕೆ ಲೂಯಿಸ್ ಹೋದರು. ಕ್ಯಾನ್ಸರ್. ಅದಕ್ಕೆ ಒಂಬತ್ತು ದಿನ ಆದ ಮೇಲೆ ಅವರ ಶವಪೆಟ್ಟಿಗೆಯನ್ನು ಕುದುರೆ ಗಾಡಿಯಲ್ಲಿ ಅದೇ ಸೇತುವೆ ದಾಟಿಸಿದರು. ರಸ್ತೆ ತುಂಬಾ ಕೆಂಪು ಗುಲಾಬಿ ದಳ ಹರಡಿದ್ದರು. ಆಚೆ ತುದಿಯಲ್ಲಿ ಅಲಬಾಮಾ ರಾಜ್ಯದ ಪೊಲೀಸರು ಸಾಲಾಗಿ ನಿಂತು ಸೆಲ್ಯೂಟ್ ಮಾಡಿದರು. ನಾನು ಮನೆಯಲ್ಲಿ ಟೀವಿ ಮುಂದೆ ನಿಂತೇ ನೋಡಿದೆ, ಕೂರೋಕೆ ಆಗಲಿಲ್ಲ.

ಅವರು ಯಾವಾಗಲೂ ಹೇಳುತ್ತಿದ್ದ ಇಂಗ್ಲಿಷ್ ಮಾತೊಂದು ಇಲ್ಲಿ ಟೀ ಶರ್ಟಿನ ಮೇಲೆಲ್ಲ ಇದೆ, ಗುಡ್ ಟ್ರಬಲ್ ಅಂತ. ಕನ್ನಡದಲ್ಲಿ ನಾನು ಅದಕ್ಕೆ ಒಳ್ಳೇ ತಂಟೆ ಅಂತೀನಿ.

ಸೆಲ್ಮಾದಿಂದ ಬಂದ ರಾತ್ರಿ ಅಮ್ಮನಿಗೆ ಫೋನ್ ಮಾಡಿದ್ದೆ. ಅಮ್ಮನಿಗೆ ಈಗ ಎಂಬತ್ತು ದಾಟಿದೆ. ಮೊಮ್ಮಗಳಿಗೆ ಹದಿನೆಂಟು ತುಂಬಿದೆ, ವೋಟಿನ ಪಟ್ಟಿಗೆ ಹೆಸರು ಸೇರಿಸುವ ಕೆಲಸಕ್ಕೆ ಶನಿವಾರ ಶನಿವಾರ ಹೋಗುತ್ತಾಳಂತೆ ಅಂದೆ. "ಪರದೇಶದಲ್ಲಿ ಹುಡುಗಿ ಹಂಗೆಲ್ಲ ತಂಟೆಗೆ ಹೋಗೋದು ಬೇಡ ಕಣೆ" ಅಂದಳು. ಆಗ ನಾನು ಈ ಕಥೆಯೆಲ್ಲ ಹೇಳಿದೆ. ಜಗುಲಿ, ಲೈಬ್ರರಿ, ಸೇತುವೆ, ಚೀಲದಲ್ಲಿದ್ದ ಸೇಬು. ಅಮ್ಮ ಹ್ಞೂಂ ಹ್ಞೂಂ ಅಂತ ಕೇಳಿದಳು. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು.

"ಆ ಹುಡುಗನ ತಾಯಿ ಏನಂದಳು?"

ಇಷ್ಟು ವರ್ಷ ಓದಿದರೂ ನಾನು ಈ ಕಥೆಯನ್ನು ಆ ಕಡೆಯಿಂದ ನೋಡಿರಲಿಲ್ಲ. ಆದರೆ ಉತ್ತರ ಗೊತ್ತಿತ್ತು. ಮಗ ಮೊದಲ ಸಲ ಜೈಲಿಗೆ ಹೋದಾಗ ತಾಯಿ ನಾಚಿಕೆ, ಹೆದರಿಕೆ ಎರಡೂ ಆಗಿ, ಆ ಚಳವಳಿ ಬಿಟ್ಟು ಬಾ ಮಗಾ, ಏನಾದರೂ ಆದೀತು ಅಂತ ಕಾಗದ ಬರೆದಿದ್ದಳು. 1965ರ ಕಾನೂನು ಬಂದ ಮೇಲೆ ಅವಳೂ ಹೆಸರು ಬರೆಸಿದಳು. ವೋಟು ಹಾಕಿದಳು. ಮಗ ಸಂಸತ್ತಿಗೆ ಹೋದದ್ದನ್ನೂ ನೋಡಿದಳು. ಇಷ್ಟು ಹೇಳಿದೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹಿಂದೆ ಕುಕ್ಕರ್ ಕೂಗಿದ್ದು ಕೇಳಿಸಿತು.

"ಅವಳಿಗೆ ಶನಿವಾರ ಹೋಗುವಾಗ ಏನಾದ್ರೂ ಕಟ್ಟಿಕೊಡು," ಅಂದಳು. "ಬಿಸಿಲಲ್ಲಿ ಬರೀ ಹೊಟ್ಟೇಲಿ ನಿಲ್ಲೋದು ಬೇಡ."